ಶಾಲೆ ತೆರೆದರೂ ಶಿಕ್ಷಕರ ಸುಸ್ತು ಯಾಕೆ ಇಳಿಯಲಿಲ್ಲ?

ಕೋವಿಡ್ ಕಾಲದ ಶಿಕ್ಷಕರ ಬಗ್ಗೆ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ತಲೆ ಕೆಡುತ್ತದೆ. ಶಿಕ್ಷಕರಲ್ಲಿ ಖಿನ್ನತೆಯ ಲಕ್ಷಣ ಬೇರೆಯವರಿಗಿಂತ ಎರಡೂವರೆ ಪಟ್ಟಿಗೂ ಜಾಸ್ತಿ ಎಂದು ಒಂದು ಸಮೀಕ್ಷೆ ಹೇಳುತ್ತದೆ. ಲಾಕ್‌ಡೌನ್ ಶುರುವಾದಾಗ ಶಿಕ್ಷಕರ ಆತಂಕ ಇಳಿಯಿತು ಎಂದು ಇನ್ನೊಂದು ಅಧ್ಯಯನ ಹೇಳುತ್ತದೆ. ಜನರ ಬಾಯಲ್ಲಂತೂ ಮೂರನೆಯದೇ ಮಾತು: ‘ಮನೇಲಿ ಕೂತು ಸಂಬಳ ತಗೊಂಡರು, ಅವರಿಗೆಂಥ ಒತ್ತಡ?’

ಇದರ ಮೇಲೆ ಇನ್ನೊಂದು ಒಗಟು ಇದೆ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ಜಾಗತಿಕ ತುರ್ತು ಸ್ಥಿತಿ ಮುಗಿಯಿತು ಎಂದು ಘೋಷಿಸಿತು. ಅಷ್ಟು ಹೊತ್ತಿಗೆ ಶಾಲೆಗಳು ಎಂದಿನಂತೆ ನಡೆಯುತ್ತಿದ್ದವು. ಆದರೆ ಯುನೆಸ್ಕೋ ಲೆಕ್ಕ ನೋಡಿ: ಜಗತ್ತಿನಲ್ಲಿ ಪ್ರಾಥಮಿಕ ಶಾಲೆಯ ಕೆಲಸ ಬಿಡುವ ಶಿಕ್ಷಕರ ಪ್ರಮಾಣ 2015ರಲ್ಲಿ ಶೇ 4.62 ಇತ್ತು. 2022ಕ್ಕೆ ಅದು ಶೇ 9.06 ಆಯಿತು. ಈ ಏರಿಕೆಯನ್ನೆಲ್ಲ ಕೋವಿಡ್ ತಲೆಗೆ ಕಟ್ಟುವುದು ತಪ್ಪು. ಸಂಬಳ, ಗೌರವ, ಕೆಲಸದ ಹೊರೆ ಇವೆಲ್ಲ ಹಳೆಯ ಕಾಯಿಲೆಗಳೇ. ಆದರೂ ಪ್ರಶ್ನೆ ಉಳಿಯುತ್ತದೆ. ಕಷ್ಟದ ಕಾಲದಲ್ಲಿ ಹಲ್ಲು ಕಚ್ಚಿ ಉಳಿದವರು ಎಲ್ಲ ಸರಿಹೋಯಿತು ಎನ್ನುವಾಗ ಯಾಕೆ ಎದ್ದು ಹೋಗುತ್ತಾರೆ?

ಈ ಗೋಜಲನ್ನು ಬಿಡಿಸಬೇಕಾದರೆ ‘ಕೆಲಸ ಎಷ್ಟು ಜಾಸ್ತಿ ಆಯಿತು?’ ಎಂದು ಕೇಳಿದರೆ ಸಾಲದು. ‘ಆ ಕೆಲಸದ ಮೇಲೆ ಶಿಕ್ಷಕರಿಗೆ ಎಷ್ಟು ಹಿಡಿತ ಉಳಿದಿತ್ತು?’ ಎಂದೂ ಕೇಳಬೇಕು.

ವಾರದೊಳಗೆ ಬದಲಾದ ಕೆಲಸ

ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕ ಎಂದು ಕರೆದದ್ದು 2020ರ ಮಾರ್ಚ್ 11ರಂದು. ಏಪ್ರಿಲ್ ಹೊತ್ತಿಗೆ 190ಕ್ಕೂ ಹೆಚ್ಚು ದೇಶಗಳಲ್ಲಿ ಶಾಲೆ ಮುಚ್ಚಿತ್ತು. ಸುಮಾರು 160 ಕೋಟಿ ವಿದ್ಯಾರ್ಥಿಗಳು ಮತ್ತು 6 ಕೋಟಿಗೂ ಹೆಚ್ಚು ಶಿಕ್ಷಕರ ದಿನಚರಿ ತಿಂಗಳೊಳಗೆ ತಲೆಕೆಳಗಾಯಿತು.

ಬೇರೆ ಕಚೇರಿಗಳ ಕೆಲಸವೂ ಮನೆಗೆ ಬಂತು ನಿಜ. ಆದರೆ ಲೆಕ್ಕಪತ್ರ ನೋಡುವವರು ಮನೆಯಲ್ಲಿ ಕೂತರೂ ಅದೇ ಲೆಕ್ಕ, ಅದೇ ಕಂಪ್ಯೂಟರ್. ಶಿಕ್ಷಕರ ಕೆಲಸ ಹಾಗಲ್ಲ. ಅದು ನಡೆಯುವುದೇ ಒಂದು ಕೋಣೆಯಲ್ಲಿ, ಮುಖ ನೋಡಿಕೊಂಡು. ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಹೆಜ್ಜೆ ಬರೆದು ತಿರುಗಿ ನೋಡುತ್ತಾರೆ. ಮೂರನೇ ಬೆಂಚಿನ ಹುಡುಗಿಯ ಹುಬ್ಬು ಗಂಟಿಕ್ಕಿದ್ದರೆ ಅದೇ ಹೆಜ್ಜೆಯನ್ನು ಇನ್ನೊಮ್ಮೆ ಬೇರೆ ಥರ ಹೇಳುತ್ತಾರೆ. ಇದನ್ನು ಅವರು ಯೋಚಿಸಿ ಮಾಡುವುದಿಲ್ಲ, ಕೈ ಬಾಯಿಗೆ ಅಭ್ಯಾಸವಾಗಿರುತ್ತದೆ. ಇಪ್ಪತ್ತು ವರ್ಷದ ಅನುಭವ ಎಂದರೆ ಬಹುಪಾಲು ಇದೇ.

ಪರದೆಯ ಮೇಲೆ ಆ ಅನುಭವ ಕೆಲಸಕ್ಕೆ ಬರಲಿಲ್ಲ. ನಲವತ್ತು ಮಕ್ಕಳ ಕ್ಲಾಸ್ ಎಂದುಕೊಳ್ಳಿ. ಐದಾರು ಮುಖ ಕಾಣುತ್ತವೆ. ಉಳಿದದ್ದು ಹೆಸರು ಬರೆದ ಕಪ್ಪು ಚೌಕಗಳು. ‘ಅರ್ಥ ಆಯ್ತಾ?’ ಎಂದರೆ ಉತ್ತರ ಇಲ್ಲ. ಎಲ್ಲರೂ ಮ್ಯೂಟ್. ಅರ್ಥವಾಗಿ ಸುಮ್ಮನಿದ್ದಾರೋ, ಅರ್ಥವಾಗದೆ ಸುಮ್ಮನಿದ್ದಾರೋ, ಫೋನ್ ಅಲ್ಲಿಟ್ಟು ಎದ್ದು ಹೋಗಿದ್ದಾರೋ ತಿಳಿಯುವುದಿಲ್ಲ. ನಡುವೆ ಯಾರದೋ ಮೈಕ್ ಆನ್ ಆಗಿ ಮನೆಯ ಜಗಳ ಕೇಳುತ್ತದೆ. ಇನ್ಯಾರೋ ‘ಟೀಚರ್, ನೆಟ್‌ವರ್ಕ್ ಹೋಗಿತ್ತು, ಮೊದಲಿಂದ ಹೇಳಿ’ ಎನ್ನುತ್ತಾರೆ. ಪಕ್ಕದಲ್ಲಿ ಕೂತ ಪೋಷಕರು ಪಾಠ ಕೇಳಿಸಿಕೊಳ್ಳುತ್ತಿರುತ್ತಾರೆ. ಒಂದು ತಪ್ಪು ಹೇಳಿದರೆ ರೆಕಾರ್ಡಿಂಗ್ ಇದೆ.

ಇಂಥ ಪರದೆಯ ಸುಸ್ತು ಬರೀ ನೆಪ ಅಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ 2021ರಲ್ಲಿ ಇದಕ್ಕೆ ನಾಲ್ಕು ಕಾರಣ ಕೊಟ್ಟರು. ತೀರಾ ಹತ್ತಿರದಿಂದ ಕಣ್ಣಲ್ಲಿ ಕಣ್ಣಿಟ್ಟ ಹಾಗಿರುವ ಮುಖಗಳು. ಇಡೀ ಹೊತ್ತು ತನ್ನ ಮುಖವನ್ನೇ ತಾನು ನೋಡಬೇಕಾದ ಪಾಡು. ಕ್ಯಾಮೆರಾ ಚೌಕಟ್ಟು ಬಿಟ್ಟು ಅಲುಗಾಡುವಂತಿಲ್ಲ. ಎದುರಾಎದುರು ಇದ್ದಾಗ ತಾನಾಗಿ ಸಿಗುವ ಸನ್ನೆಗಳನ್ನು ಪರದೆಯಲ್ಲಿ ಕಷ್ಟಪಟ್ಟು ಕೊಡಬೇಕು, ಕಷ್ಟಪಟ್ಟು ಹುಡುಕಬೇಕು. ನಾಲ್ಕನೆಯದು ಶಿಕ್ಷಕರಿಗೆ ಎಲ್ಲರಿಗಿಂತ ಜಾಸ್ತಿ ತಟ್ಟಿತು ಅನ್ನಿಸುತ್ತದೆ. ಯಾಕೆಂದರೆ ಅವರ ಕಸುಬೇ ಆ ಸನ್ನೆಗಳನ್ನು ಓದುವುದು.

ಕಾಣದ ಮಕ್ಕಳು

ಪರದೆಯಲ್ಲಿ ಕಂಡ ಮಕ್ಕಳಿಗಿಂತ ಕಾಣದ ಮಕ್ಕಳು ಹೆಚ್ಚು ಕಾಡಿದರು. 2020ರ ಆಗಸ್ಟ್‌ನಲ್ಲಿ ಯುನಿಸೆಫ್ ಕೊಟ್ಟ ಅಂದಾಜಿನಂತೆ ಶಾಲೆ ಮುಚ್ಚಿದಾಗ ದೂರಶಿಕ್ಷಣ ತಲುಪದೇ ಹೋದ ಮಕ್ಕಳು ಕನಿಷ್ಠ 46.3 ಕೋಟಿ. ಜಗತ್ತಿನ ಶಾಲಾ ಮಕ್ಕಳಲ್ಲಿ ಹೆಚ್ಚೂಕಡಿಮೆ ಮೂರರಲ್ಲಿ ಒಂದು ಭಾಗ. ಟಿವಿ, ರೇಡಿಯೋ, ಇಂಟರ್ನೆಟ್ ಮೂರನ್ನೂ ಸೇರಿಸಿದ ಲೆಕ್ಕ ಇದು.

ಈ ಸಂಖ್ಯೆ ಶಿಕ್ಷಕರ ಪಾಲಿಗೆ ಸಂಖ್ಯೆ ಅಲ್ಲ. ಹಾಜರಿ ಪಟ್ಟಿಯಲ್ಲಿ ಒಂದು ಹೆಸರು. ನಿನ್ನೆಯೂ ಬರಲಿಲ್ಲ, ಇವತ್ತೂ ಬರಲಿಲ್ಲ, ಫೋನ್ ಮಾಡಿದರೆ ಸ್ವಿಚ್ ಆಫ್. ಆ ಮಗು ಕೆಲಸಕ್ಕೆ ಸೇರಿತೇ, ಮನೆಯಲ್ಲಿ ಯಾರಿಗಾದರೂ ಕಾಯಿಲೆಯೇ, ಮೊಬೈಲ್‌ಗೆ ಡೇಟಾ ಇಲ್ಲವೇ? ತಿಳಿದರೂ ಮಾಡುವುದು ಏನು? ಸರಿಯಾದದ್ದು ಯಾವುದೆಂದು ಗೊತ್ತಿದ್ದೂ ಮಾಡಲಾಗದೆ ಕೈಕಟ್ಟಿ ಕೂರಬೇಕಾದಾಗ ಆಗುವ ಸಂಕಟವೇ ಬೇರೆ. ಅದು ದಣಿವಲ್ಲ, ಹಾಗಾಗಿ ನಿದ್ದೆ ಮಾಡಿದರೆ ಹೋಗುವುದಿಲ್ಲ.

ಇನ್ನೊಂದು ಕೆಲಸವೂ ಇತ್ತು, ಅದಕ್ಕೆ ಟೈಮ್‌ಟೇಬಲ್‌ನಲ್ಲಿ ಜಾಗವಿಲ್ಲ. ಒಳಗೆ ಎಷ್ಟೇ ಭಯವಿದ್ದರೂ ಮಕ್ಕಳ ಮುಂದೆ ನಗುಮುಖ. ಮನೆಯಲ್ಲಿ ಸಾವಾಗಿದ್ದರೂ ‘ಗುಡ್ ಮಾರ್ನಿಂಗ್ ಮಕ್ಕಳೇ’. ಇಂಥದ್ದನ್ನು ಭಾವನೆಯ ದುಡಿಮೆ ಎಂದು ಕರೆದವರು ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್. 1980ರ ದಶಕದಲ್ಲಿ ಅವರು ವಿಮಾನದ ಗಗನಸಖಿಯರ ಕೆಲಸ ನೋಡಿ ಹೇಳಿದ ಮಾತು ಅದು. ಗಗನಸಖಿಯ ನಗು ವಿಮಾನ ಇಳಿದ ಮೇಲೆ ಮುಗಿಯುತ್ತದೆ. ಶಿಕ್ಷಕರದ್ದು ಸಂಜೆ ವಾಟ್ಸಾಪ್ ಗ್ರೂಪಿನಲ್ಲಿ ಮುಂದುವರಿಯುತ್ತಿತ್ತು.

ಹೊಣೆ ಪೂರ್ತಿ, ಹಿಡಿತ ಇಲ್ಲ

ಕೆಲಸ ಜಾಸ್ತಿಯಾದರೆ ಒತ್ತಡ ಜಾಸ್ತಿ. ಇದು ಯಾರಿಗಾದರೂ ಗೊತ್ತು. ಆದರೆ ಇದರಲ್ಲಿ ಒಂದು ತೊಡಕಿದೆ. ತುಂಬಾ ಕೆಲಸ ಮಾಡಿಯೂ ಖುಷಿಯಾಗಿರುವವರು ನಮ್ಮ ಸುತ್ತಲೇ ಇದ್ದಾರೆ, ಅಲ್ವಾ? ಹಾಗಾದರೆ ಕೆಲಸ ಯಾವಾಗ ಮನಸ್ಸನ್ನು ಕೆಡಿಸುತ್ತದೆ?

ಕೆಲಸದ ಒತ್ತಡವನ್ನು ಅಧ್ಯಯನ ಮಾಡಿದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ಇದಕ್ಕೊಂದು ಸರಳ ಉತ್ತರ ಕೊಟ್ಟರು. ಅವರು ಕೆಲಸವನ್ನು ಎರಡು ಅಳತೆಯಲ್ಲಿ ನೋಡಿದರು. ಒಂದು, ಕೆಲಸ ನಮ್ಮಿಂದ ಎಷ್ಟು ಬೇಡುತ್ತದೆ. ಎರಡು, ಅದನ್ನು ಹೇಗೆ ಮಾಡಬೇಕೆಂದು ತೀರ್ಮಾನಿಸುವ ಸ್ವಾತಂತ್ರ್ಯ ನಮಗೆ ಎಷ್ಟಿದೆ. ಬೇಡಿಕೆ ಜಾಸ್ತಿ, ಸ್ವಾತಂತ್ರ್ಯವೂ ಜಾಸ್ತಿ ಇದ್ದರೆ ಜನ ದಣಿಯುತ್ತಾರೆ, ಆದರೆ ಕಲಿಯುತ್ತಾರೆ, ಬೆಳೆಯುತ್ತಾರೆ. ಬೇಡಿಕೆ ಜಾಸ್ತಿ, ಸ್ವಾತಂತ್ರ್ಯ ಕಡಿಮೆ ಇದ್ದರೆ ಕುಸಿಯುತ್ತಾರೆ. ಈ ಮಾದರಿಯನ್ನು ಆಮೇಲೆ ಬೇರೆಯವರು ತಿದ್ದಿದರು, ಜೊತೆಗಾರರ ಬೆಂಬಲದಂಥ ಅಂಶಗಳನ್ನು ಸೇರಿಸಿದರು. ಮೂಲ ಮಾತು ಮಾತ್ರ ಇಂದಿಗೂ ನಿಂತಿದೆ.

ಈಗ ಸಾಂಕ್ರಾಮಿಕ ಕಾಲದ ತರಗತಿಯನ್ನು ಇದರಲ್ಲಿಟ್ಟು ನೋಡಿ. ಯಾವ ಆ್ಯಪ್ ಬಳಸಬೇಕು? ಮೇಲಿನವರು ಹೇಳಿದ್ದು. ಪರೀಕ್ಷೆ ಇದೆಯೋ ಇಲ್ಲವೋ? ಮುಂದಿನ ಸುತ್ತೋಲೆ ಬರುವವರೆಗೆ ತಿಳಿಯದು. ಪೋರ್ಷನ್ ಕಡಿಮೆ ಮಾಡುತ್ತಾರೋ? ಗೊತ್ತಿಲ್ಲ. ಸೋಮವಾರ ಶಾಲೆ ತೆರೆಯುತ್ತದೋ? ಭಾನುವಾರ ರಾತ್ರಿ ತಿಳಿಯಬಹುದು. ಹೊಣೆ ಮಾತ್ರ ಪೂರ್ತಿ ಶಿಕ್ಷಕರದ್ದೇ. ಮಗು ಹಿಂದೆ ಬಿದ್ದರೆ ಕೇಳುವುದು ಅವರನ್ನು. ಸೋಂಕು ತಗುಲಿದರೆ ಕೇಳುವುದೂ ಅವರನ್ನೇ.

ಇಂಗ್ಲೆಂಡಿನ ಒಂದು ದಿನ ಇದಕ್ಕೆ ಒಳ್ಳೆಯ ಉದಾಹರಣೆ. 2021ರ ಜನವರಿ 4. ಕ್ರಿಸ್‌ಮಸ್ ರಜೆ ಮುಗಿದು ಅಲ್ಲಿನ ಎಷ್ಟೋ ಪ್ರಾಥಮಿಕ ಶಾಲೆಗಳು ಬೆಳಿಗ್ಗೆ ತೆರೆದವು. ಅದೇ ಸಂಜೆ ಪ್ರಧಾನಿ ಟಿವಿಗೆ ಬಂದು ಹೊಸ ಲಾಕ್‌ಡೌನ್ ಘೋಷಿಸಿದರು. ಮರುದಿನದಿಂದ ಹೆಚ್ಚಿನ ಮಕ್ಕಳಿಗೆ ಶಾಲೆ ಇಲ್ಲ. ಒಂದೇ ಒಂದು ದಿನಕ್ಕೆ ಬೆಂಚು ದೂರ ದೂರ ಹಾಕಿ, ನೆಲಕ್ಕೆ ಗುರುತಿನ ಪಟ್ಟಿ ಅಂಟಿಸಿ, ಪಾಠಯೋಜನೆ ಬರೆದಿಟ್ಟಿದ್ದ ಶಿಕ್ಷಕರು ರಾತ್ರಿ ಕೂತು ಅದನ್ನೆಲ್ಲ ಆನ್‌ಲೈನ್‌ಗೆ ತಿರುಗಿಸಬೇಕಾಯಿತು. ಆ ತೀರ್ಮಾನ ತಪ್ಪೋ ಸರಿಯೋ ಬೇರೆ ಮಾತು. ಸೋಂಕು ಏರುತ್ತಿದ್ದದ್ದು ನಿಜ. ಆದರೆ ಆ ತೀರ್ಮಾನದ ಬೆಲೆಯನ್ನು ನಿದ್ದೆಗೆಟ್ಟು ತೆತ್ತವರಿಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ.

ಅಂಕಿಗಳು ಯಾಕೆ ಜಗಳವಾಡುತ್ತವೆ?

ಈಗ ಆ ಗೊಂದಲದ ಸಮೀಕ್ಷೆಗಳಿಗೆ ಬರೋಣ. ಅಮೆರಿಕದ ರ‍್ಯಾಂಡ್ ಸಂಶೋಧನಾ ಸಂಸ್ಥೆ 2021ರ ಆರಂಭದಲ್ಲಿ ಶಿಕ್ಷಕರನ್ನು ಕೇಳಿತು. ಕೆಲಸದಿಂದ ಪದೇ ಪದೇ ಒತ್ತಡವಾಗುತ್ತಿದೆ ಎಂದವರು ಶೇ 78. ಉಳಿದ ಉದ್ಯೋಗಿಗಳಲ್ಲಿ ಹಾಗೆ ಹೇಳಿದವರು ಶೇ 40. ಖಿನ್ನತೆಯ ಲಕ್ಷಣ ಹೇಳಿಕೊಂಡ ಶಿಕ್ಷಕರು ಶೇ 27, ಬೇರೆಯವರು ಶೇ 10. ವರ್ಷದ ಕೊನೆಗೆ ಕೆಲಸ ಬಿಡಬಹುದು ಎಂದವರು ಹತ್ತಿರ ಹತ್ತಿರ ನಾಲ್ವರಲ್ಲಿ ಒಬ್ಬರು. ಸಾಂಕ್ರಾಮಿಕಕ್ಕೆ ಮುಂಚೆ ಇದು ಆರರಲ್ಲಿ ಒಬ್ಬರಷ್ಟಿತ್ತು.

ಅದೇ ವರ್ಷ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ಸಂಶೋಧನೆ ಬಂತು. ಅದರಲ್ಲಿ ಶಿಕ್ಷಕರ ಒತ್ತಡ ಶೇ 30, ಖಿನ್ನತೆ ಶೇ 19, ಆತಂಕ ಶೇ 17. ಒಂದು ಕಡೆ 78, ಇನ್ನೊಂದು ಕಡೆ 30. ಇದರಲ್ಲಿ ಸುಳ್ಳು ಯಾವುದು?

ಎರಡೂ ಸುಳ್ಳಲ್ಲ. ಕೇಳಿದ ಪ್ರಶ್ನೆಗಳೇ ಬೇರೆ. ‘ಕೆಲಸದಿಂದ ಪದೇ ಪದೇ ಒತ್ತಡ ಆಗುತ್ತದಾ?’ ಎಂದರೆ ಹೌದು ಎನ್ನುವವರು ಬಹಳ. ಮನೋವಿಜ್ಞಾನದ ಅಳತೆಪಟ್ಟಿ ಕೊಟ್ಟು ಇಷ್ಟು ಅಂಕಕ್ಕಿಂತ ಮೇಲೆ ಎಂದು ಗೆರೆ ಎಳೆದರೆ ಸಂಖ್ಯೆ ಇಳಿಯುತ್ತದೆ. ಮೊದಲನೆಯದು ಎಷ್ಟು ಮಂದಿಗೆ ಭಾರವಾಗಿದೆ ಎಂದು ಹೇಳುತ್ತದೆ. ಎರಡನೆಯದು ಎಷ್ಟು ಮಂದಿ ಬಗ್ಗಿದ್ದಾರೆ ಎಂದು ಹೇಳುತ್ತದೆ. ಸುದ್ದಿಯ ತಲೆಬರಹದಲ್ಲಿ ಎರಡಕ್ಕೂ ‘ಒತ್ತಡ’ ಎಂಬ ಒಂದೇ ಪದ. ಗೊಂದಲ ಅಲ್ಲೇ ಶುರು.

ಕೇಳಿದ ಹೊತ್ತೂ ಮುಖ್ಯ. ಲಂಡನ್ನಿನ ಸಂಶೋಧಕರು ಇಂಗ್ಲೆಂಡಿನ ಶಿಕ್ಷಕರ ಕೆಲಸದ ಆತಂಕವನ್ನು ಬೇರೆ ಬೇರೆ ಸಮಯದಲ್ಲಿ ಅಳೆದು ನೋಡಿದರು. 2020ರ ಮೊದಲ ಲಾಕ್‌ಡೌನ್‌ನಲ್ಲಿ ತರಗತಿ ಶಿಕ್ಷಕರ ಆತಂಕ ಇಳಿದಿತ್ತು. ಶಾಲೆ ಮತ್ತೆ ತೆರೆದಾಗ ಏರಿತು. ಆದರೆ ಮುಖ್ಯೋಪಾಧ್ಯಾಯರ ಆತಂಕ ಲಾಕ್‌ಡೌನ್ ಶುರುವಿನಲ್ಲೇ ಜಿಗಿಯಿತು.

‘ಶಿಕ್ಷಕರಿಗೆ ಆರಾಮವಿತ್ತು’ ಎನ್ನುವವರು ಇದರ ಮೊದಲ ಸಾಲನ್ನಷ್ಟೇ ಓದುತ್ತಾರೆ. ಪೂರ್ತಿ ಓದಿದರೆ ಕಥೆ ಬೇರೆ. ಎಲ್ಲ ಮುಚ್ಚಿದ್ದಾಗ ತರಗತಿ ಶಿಕ್ಷಕರ ಕೆಲಸ ಕಷ್ಟದ್ದಾದರೂ ಅದಕ್ಕೊಂದು ಆಕಾರ ಇತ್ತು: ಮನೆಯಲ್ಲಿರಿ, ಪಾಠ ಕಳಿಸಿ. ಗೊಂದಲವೆಲ್ಲ ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಬಿದ್ದಿತ್ತು. ತೆರೆದ ಮೇಲೆ ಆ ಗೊಂದಲ ತರಗತಿಯೊಳಗೆ ನುಗ್ಗಿತು. ಅರ್ಧ ಮಕ್ಕಳು ಎದುರಿಗೆ, ಅರ್ಧ ಮಕ್ಕಳು ಲ್ಯಾಪ್‌ಟಾಪ್‌ನಲ್ಲಿ. ಬೋರ್ಡ್ ಕಡೆ ತಿರುಗಿದರೆ ಆನ್‌ಲೈನ್ ಮಕ್ಕಳಿಗೆ ಕೇಳಿಸದು, ಕ್ಯಾಮೆರಾ ಕಡೆ ತಿರುಗಿದರೆ ಹಿಂದಿನ ಬೆಂಚಿನಲ್ಲಿ ಗಲಾಟೆ. ಮಾಸ್ಕ್ ಸರಿಮಾಡು, ಕೈ ತೊಳೆಸು, ಯಾರಿಗೆ ಜ್ವರ ನೋಡು. ಕೆಲಸ ಎರಡರಷ್ಟು, ಹಿಡಿತ ಅರ್ಧ. ಕರಾಸೆಕ್ ಹೇಳಿದ ಕುಸಿಯುವ ಮೂಲೆ ಇದೇ. ರ‍್ಯಾಂಡ್ ಸಮೀಕ್ಷೆಯಲ್ಲೂ ಶಿಕ್ಷಕರು ಒತ್ತಡಕ್ಕೆ ಮೊದಲು ಹೆಸರಿಸಿದ್ದು ಎರಡನ್ನು: ಪಾಠ ನಡೆಸುವ ವಿಧಾನ ಮತ್ತು ಆರೋಗ್ಯದ ಭಯ.

‘ಕಷ್ಟ ಯಾರಿಗೆ ಇರಲಿಲ್ಲ?’

ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಸಾಂಕ್ರಾಮಿಕದ ಮೊದಲ ವರ್ಷದಲ್ಲಿ ಆತಂಕ ಮತ್ತು ಖಿನ್ನತೆ ಇಡೀ ಜಗತ್ತಿನಲ್ಲಿ ಶೇ 25ರಷ್ಟು ಏರಿತು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ನರ್ಸ್‌ಗಳು ಜೀವ ಪಣಕ್ಕಿಟ್ಟರು. ಕೂಲಿಯವರ ದುಡಿಮೆಯೇ ನಿಂತಿತು. ಕಾಯಂ ಕೆಲಸದಲ್ಲಿದ್ದ ಶಿಕ್ಷಕರಿಗೆ ತಿಂಗಳ ಸಂಬಳ ಬಂತು. ಅದು ಸಣ್ಣ ರಕ್ಷಣೆಯಲ್ಲ.

ಆದರೆ ‘ಶಿಕ್ಷಕರು’ ಎನ್ನುವುದು ಒಂದೇ ಗುಂಪಲ್ಲ. ಗುತ್ತಿಗೆಯವರು, ಅತಿಥಿ ಶಿಕ್ಷಕರು, ಫೀಸ್ ಮೇಲೆ ನಡೆಯುವ ಸಣ್ಣ ಖಾಸಗಿ ಶಾಲೆಯವರು ಇದ್ದಾರೆ. ಫೀಸ್ ನಿಂತರೆ ಅವರ ಸಂಬಳ ನಿಲ್ಲುತ್ತದೆ. ಅವರಿಗೆ ಪಾಠದ ಚಿಂತೆಯ ಕೆಳಗೆ ಹೊಟ್ಟೆಯ ಚಿಂತೆ. ಜಗತ್ತಿನ ಪ್ರಾಥಮಿಕ ಶಿಕ್ಷಕರಲ್ಲಿ ಮೂರರಲ್ಲಿ ಎರಡು ಪಾಲು ಹೆಂಗಸರು ಎನ್ನುವುದನ್ನೂ ಮರೆಯಬಾರದು. ಬೇರೆಯವರ ಮಕ್ಕಳಿಗೆ ಪರದೆಯಲ್ಲಿ ಪಾಠ ಹೇಳುವ ಹೊತ್ತಿಗೇ ಸ್ವಂತ ಮಗುವಿನ ಆನ್‌ಲೈನ್ ಕ್ಲಾಸ್. ಮನೆಯಲ್ಲಿ ಇರುವುದು ಒಂದೇ ಫೋನ್. ಅಡುಗೆ, ಹಿರಿಯರ ಆರೈಕೆ ಇದರ ಜೊತೆಗೆ.

ಶಾಲೆ ತೆರೆಯುವ ವಿಷಯದಲ್ಲಂತೂ ಎರಡು ಕಡೆಯೂ ನ್ಯಾಯವಿತ್ತು. ಬೇಗ ತೆರೆಯಿರಿ ಎಂದವರು ಮಕ್ಕಳ ಕಲಿಕೆ ನಷ್ಟ, ಒಂಟಿತನ ತೋರಿಸಿದರು. ಅವರು ತಪ್ಪು ಹೇಳಲಿಲ್ಲ. 2021ರ ಮಾರ್ಚ್ ಹೊತ್ತಿಗೆ 16.8 ಕೋಟಿ ಮಕ್ಕಳ ಶಾಲೆಗಳು ಹೆಚ್ಚೂಕಡಿಮೆ ಒಂದು ವರ್ಷ ಪೂರ್ತಿ ಮುಚ್ಚಿದ್ದವು. ಭದ್ರತೆ ಕೊಟ್ಟು ತೆರೆಯಿರಿ ಎಂದ ಶಿಕ್ಷಕರ ಸಂಘಗಳನ್ನು ‘ಸೋಮಾರಿಗಳು’ ಎಂದದ್ದು ಮಾತ್ರ ಅನ್ಯಾಯ. ಅವರ ಭಯಕ್ಕೆ ಆಧಾರ ಇತ್ತು.

ಸ್ವೀಡನ್ ನೋಡಿ. ಅಲ್ಲಿ 2020ರ ವಸಂತದಲ್ಲಿ ಹೈಸ್ಕೂಲಿನ ಮೇಲಿನ ತರಗತಿಗಳು ಮಾತ್ರ ಆನ್‌ಲೈನ್ ಆದವು, ಕೆಳಗಿನವು ತೆರೆದೇ ಇದ್ದವು. ಇದು ತಾನಾಗಿ ಸಿಕ್ಕ ಪ್ರಯೋಗದಂತಾಯಿತು. ಸಂಶೋಧಕರು ಎರಡೂ ಕಡೆಯ ಶಿಕ್ಷಕರನ್ನು ಹೋಲಿಸಿದಾಗ ತೆರೆದ ಶಾಲೆಯವರಿಗೆ ಸೋಂಕು ತಗುಲುವ ಸಂಭವ ಸುಮಾರು ಎರಡು ಪಟ್ಟು ಎಂದು ಕಂಡುಬಂತು. ಮಕ್ಕಳ ಪೋಷಕರಲ್ಲಿ ವ್ಯತ್ಯಾಸ ಬಹಳ ಸಣ್ಣದು. ಅಂದರೆ ಶಾಲೆ ತೆರೆದಿದ್ದರ ಲಾಭ ಎಲ್ಲರಿಗೂ ಹಂಚಿತು, ಅಪಾಯದ ದೊಡ್ಡ ಪಾಲು ಒಂದು ಗುಂಪಿನ ಮೇಲೆ ಬಿತ್ತು. ತೆರೆದದ್ದು ತಪ್ಪು ಎಂದು ಇದರಿಂದ ಹೇಳಲಾಗದು. ಅಪಾಯ ಹೊತ್ತವರನ್ನು ಹೀಯಾಳಿಸಿದ್ದು ತಪ್ಪು ಎಂದು ಖಂಡಿತ ಹೇಳಬಹುದು. ಲಾಕ್‌ಡೌನ್‌ನ ಮೊದಲ ದಿನಗಳಲ್ಲಿ ‘ಶಿಕ್ಷಕರೂ ಹೀರೋಗಳು’ ಎಂದ ಬಾಯಿಗಳೇ ಆರು ತಿಂಗಳಲ್ಲಿ ಬೇರೆ ಮಾತಾಡಿದವು. ಅದು ಅನೇಕರ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಬಾಕಿ ಬಿದ್ದ ಸುಸ್ತು

‘ಬರ್ನ್‌ಔಟ್’ ಪದವನ್ನು ಈಗ ಎಲ್ಲದಕ್ಕೂ ಬಳಸುತ್ತಾರೆ. ಅದಕ್ಕೊಂದು ಖಚಿತ ಅರ್ಥವಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ ಇದನ್ನು ಕಾಯಿಲೆ ಎನ್ನುವುದಿಲ್ಲ, ಉದ್ಯೋಗಕ್ಕೆ ಅಂಟಿದ ಸ್ಥಿತಿ ಎನ್ನುತ್ತದೆ. ಸರಿಯಾಗಿ ನಿಭಾಯಿಸದ, ದೀರ್ಘಕಾಲದ ಕೆಲಸದ ಒತ್ತಡದಿಂದ ಬರುವಂಥದ್ದು. ಗುರುತು ಮೂರು: ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿದು ಅದರ ಬಗ್ಗೆ ಕಹಿಯಾಗುವುದು, ನನ್ನಿಂದ ಏನೂ ಆಗುತ್ತಿಲ್ಲ ಎನ್ನಿಸುವುದು.

ಮೊದಲನೆಯದು ರಜೆಯಲ್ಲಿ ಸ್ವಲ್ಪ ತುಂಬಿಕೊಳ್ಳಬಹುದು. ಎರಡನೆಯದು ಹಾಗಲ್ಲ. ಮಗು ಅತ್ತರೂ ಒಳಗೆ ಏನೂ ಆಗದಿರುವುದು, ಸ್ಟಾಫ್ ರೂಮಿನಲ್ಲಿ ‘ಹೇಗಾದರೂ ಗಂಟೆ ಹೊಡೆದರೆ ಸಾಕು’ ಎನ್ನುವುದು. ನೋಡುವವರಿಗೆ ಇದು ಉದಾಸೀನ ಅನ್ನಿಸುತ್ತದೆ. ಬಹಳ ಸಲ ಇದು ತಾನು ಉಳಿಯಲು ಮನಸ್ಸು ಹಾಕಿಕೊಂಡ ಬೇಲಿ.

ಈ ಸುಸ್ತಿನ ಪರಿಣಾಮ ತಡವಾಗಿ ಬರುತ್ತದೆ. ಆಪತ್ತಿನ ನಡುವೆ ಯಾರೂ ಕುಸಿಯಲು ಪುರುಸೊತ್ತು ಮಾಡಿಕೊಳ್ಳುವುದಿಲ್ಲ. 2020ರಲ್ಲಿ ಕೆಲಸ ಬಿಡೋಣವೆಂದರೆ ಬೇರೆ ಕೆಲಸ ಎಲ್ಲಿತ್ತು? ಆದ್ದರಿಂದ ಬಿಡಬೇಕು ಅನ್ನಿಸಿದ್ದು ಒಂದು ವರ್ಷ, ಬಿಟ್ಟದ್ದು ಇನ್ನೊಂದು ವರ್ಷ. ರ‍್ಯಾಂಡ್ ಲೆಕ್ಕದಲ್ಲಿ ಅಮೆರಿಕದ ಶಾಲೆಗಳಿಂದ ಶಿಕ್ಷಕರು ಹೊರಹೋಗುವ ಪ್ರಮಾಣ ಸಾಂಕ್ರಾಮಿಕಕ್ಕೆ ಮುಂಚೆ ಶೇ 6ರಷ್ಟಿತ್ತು. 2021–22ರ ಶಾಲಾ ವರ್ಷದ ಕೊನೆಗೆ ಅದು ಶೇ 10 ಮುಟ್ಟಿತು. ಬಿಡುತ್ತೇವೆ ಎಂದವರೆಲ್ಲ ಬಿಡಲಿಲ್ಲ, ಅದೂ ನಿಜ. ಆದರೆ ಬಿಡಲಾಗದೆ ಉಳಿದವರ ತರಗತಿ ಹೇಗಿರುತ್ತದೆ ಎನ್ನುವ ಪ್ರಶ್ನೆ ಯಾವ ಅಂಕಿಯಲ್ಲೂ ಕಾಣುವುದಿಲ್ಲ.

ತೆರೆದ ಮೇಲೆ ಬಂದ ಕೆಲಸವೂ ಹಗುರದ್ದಲ್ಲ. ಎರಡು ವರ್ಷ ತಪ್ಪಿದ ಮಕ್ಕಳು ಒಂದೇ ಕೋಣೆಯಲ್ಲಿ ಕೂತರು. ಒಬ್ಬ ಭಿನ್ನರಾಶಿ ಮಾಡುತ್ತಾನೆ, ಪಕ್ಕದವನಿಗೆ ಕೂಡಿಸಲು ಬಾರದು. ಕೂರುವ ಅಭ್ಯಾಸವೇ ತಪ್ಪಿಹೋದ ಮಕ್ಕಳು ಇದ್ದಾರೆ. ಪುಸ್ತಕ ಮಾತ್ರ ಅದೇ ತರಗತಿಯದ್ದು, ಪರೀಕ್ಷೆಯ ದಿನಾಂಕವೂ ಅದೇ. 2022ರ ರ‍್ಯಾಂಡ್ ಸಮೀಕ್ಷೆಯಲ್ಲೂ ಪದೇ ಪದೇ ಒತ್ತಡ ಎಂದ ಶಿಕ್ಷಕರು ಶೇ 73, ಬೇರೆ ಉದ್ಯೋಗಿಗಳು ಶೇ 35. ಸೋಂಕಿನ ಭಯ ಹಿಂದೆ ಸರಿದಿತ್ತು. ಆ ಜಾಗಕ್ಕೆ ತಪ್ಪಿದ ಪಾಠ ತುಂಬಿಸುವ ಒತ್ತಡ ಬಂದಿತ್ತು.

ಇದು ಶಿಕ್ಷಕರ ಖಾಸಗಿ ಕಷ್ಟವಾಗಿ ಉಳಿಯುವುದಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಕೋವಿಡ್‌ಗೂ ಮೊದಲೇ, 2016ರಲ್ಲಿ, ಒಂದು ಅಧ್ಯಯನ ಪ್ರಕಟಿಸಿದ್ದರು. ನಾಲ್ಕರಿಂದ ಏಳನೇ ತರಗತಿಯ ಮಕ್ಕಳ ಎಂಜಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದರು. ಬರ್ನ್‌ಔಟ್ ಹೆಚ್ಚಿದ್ದ ಶಿಕ್ಷಕರ ತರಗತಿಯ ಮಕ್ಕಳಲ್ಲಿ ಬೆಳಗಿನ ಕಾರ್ಟಿಸಾಲ್ ಹೆಚ್ಚಿತ್ತು. ಶಿಕ್ಷಕರ ಸುಸ್ತು ಮಕ್ಕಳಿಗೆ ಹರಿಯಿತೋ, ಕಷ್ಟದ ಮಕ್ಕಳಿಂದ ಶಿಕ್ಷಕರು ಸುಸ್ತಾದರೋ ಎಂದು ಆ ಅಧ್ಯಯನದಿಂದ ಹೇಳಲಾಗದು. ಎರಡೂ ಒಂದಕ್ಕೊಂದು ಕಟ್ಟಿಕೊಂಡಿವೆ ಎನ್ನುವುದಂತೂ ಗೊತ್ತಾಯಿತು.

ಧ್ಯಾನದ ವೆಬಿನಾರ್ ಸಾಕೇ?

ಸಾಮಾನ್ಯವಾಗಿ ಕೊಡುವ ಔಷಧಿ ಒಂದೇ: ಸ್ವಯಂ ಕಾಳಜಿ. ಉಸಿರಾಟದ ವ್ಯಾಯಾಮ, ಧ್ಯಾನ, ‘ಒತ್ತಡ ನಿಭಾಯಿಸುವುದು ಹೇಗೆ’ ಎಂಬ ವೆಬಿನಾರ್. ಅವು ಸುಮ್ನೆ ಅಲ್ಲ, ಒಬ್ಬೊಬ್ಬರಿಗೆ ನಿಜಕ್ಕೂ ನೆರವಾಗುತ್ತವೆ. ಆಪ್ತಸಮಾಲೋಚನೆ ಬೇಕಾದವರಿಗೆ ಅದು ಸಿಗಲೇಬೇಕು. ನಿದ್ದೆ ಪೂರ್ತಿ ಕೆಟ್ಟು, ಬದುಕೇ ಬೇಡ ಅನ್ನಿಸುವ ಹಂತಕ್ಕೆ ಹೋದವರಿಗೆ ವೈದ್ಯರ ಸಹಾಯ ತುರ್ತು.

ಆದರೆ ಕಾರಣ ಒಂದು ಕಡೆ, ಔಷಧಿ ಇನ್ನೊಂದು ಕಡೆ ಇದ್ದರೆ ಹೇಗೆ? ಶನಿವಾರ ಸಂಜೆ ಕಡ್ಡಾಯವಾಗಿ ಹಾಜರಾಗಬೇಕಾದ ಒತ್ತಡ ನಿವಾರಣೆ ಕಾರ್ಯಕ್ರಮ ಎನ್ನುವುದು ತಮಾಷೆಯಂತೆ ಕೇಳುತ್ತದೆ. ಅದರ ಹಿಂದಿನ ಯೋಚನೆ ತಮಾಷೆಯದಲ್ಲ: ತೊಂದರೆ ಕೆಲಸದಲ್ಲಿಲ್ಲ, ನಿಮ್ಮಲ್ಲಿದೆ ಎಂದು ಅದು ಹೇಳುತ್ತಿರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೆಲಸದ ಜಾಗದ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ತಂದಿತು. ವ್ಯಕ್ತಿಗೆ ನೆರವು ಕೊಡುವುದರ ಜೊತೆಗೆ ಕೆಲಸದ ಏರ್ಪಾಡನ್ನೇ ಬದಲಿಸುವುದು, ಮೇಲಿನವರಿಗೆ ತರಬೇತಿ ಕೊಡುವುದು ಅದರಲ್ಲಿವೆ.

ಶಾಲೆಯ ಮಟ್ಟಿಗೆ ಅದರ ಅರ್ಥ ಏನು? ಒಬ್ಬರೇ ಶಿಕ್ಷಕರ ತಲೆಗೆ ಎದುರಿನ ತರಗತಿ ಮತ್ತು ಆನ್‌ಲೈನ್ ತರಗತಿ ಎರಡನ್ನೂ ಒಂದೇ ಹೊತ್ತಿಗೆ ಕಟ್ಟದಿರುವುದು. ನಿಯಮ ಬದಲಾಗುವುದಿದ್ದರೆ ಕೆಲವು ದಿನ ಮುಂಚೆ ತಿಳಿಸುವುದು, ಆಗದಿದ್ದರೆ ತಯಾರಿಗೆ ಒಂದೆರಡು ದಿನ ಪಾಠ ನಿಲ್ಲಿಸುವುದು. ಪೋರ್ಷನ್ನಿನಲ್ಲಿ ಯಾವುದು ಬಿಡಬಹುದು ಎನ್ನುವ ತೀರ್ಮಾನ ತರಗತಿಯ ಶಿಕ್ಷಕರಿಗೇ ಬಿಡುವುದು. ಇವುಗಳಲ್ಲಿ ಕೊನೆಯದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಆದರೂ ಅದೇ ಎಲ್ಲಕ್ಕಿಂತ ಕಷ್ಟದ್ದು. ದುಡ್ಡು ಕೊಡುವುದಕ್ಕಿಂತ ಅಧಿಕಾರ ಬಿಟ್ಟುಕೊಡುವುದು ಯಾವ ಇಲಾಖೆಗೂ ಕಷ್ಟ.

ಹೊತ್ತಿನ ಗಡಿ ಇನ್ನೊಂದು ವಿಷಯ. ಕೆಲಸದ ಹೊತ್ತು ಮುಗಿದ ಮೇಲೆ ಸಂದೇಶಕ್ಕೆ ಉತ್ತರಿಸದಿರುವ ಹಕ್ಕನ್ನು ಫ್ರಾನ್ಸ್ 2017ರಿಂದ ಕಾನೂನಿನಲ್ಲಿ ತಂದಿದೆ. ಅದು ದೊಡ್ಡ ಖಾಸಗಿ ಕಂಪನಿಗಳನ್ನು ನೋಡಿ ಮಾಡಿದ ಕಾನೂನು, ಶಾಲೆಗೆ ಹಾಗೇ ಹೊಂದುವುದಿಲ್ಲ. ರಾತ್ರಿ ಒಂಬತ್ತೂವರೆಗೆ ‘ಮಿಸ್, ನಾಳೆ ಹೋಂವರ್ಕ್ ಏನು?’ ಎಂದು ಕೇಳುವ ತಾಯಿ ಶಿಕ್ಷಕರನ್ನು ಗೋಳು ಹೊಯ್ದುಕೊಳ್ಳುತ್ತಿಲ್ಲ. ಅವಳು ಕೆಲಸದಿಂದ ಮನೆಗೆ ಬಂದದ್ದೇ ಒಂಬತ್ತಕ್ಕೆ. ಶಿಕ್ಷಕರ ಫೋನ್ ಆಫ್ ಆದರೆ ಪೆಟ್ಟು ಬೀಳುವುದು ಅಂಥ ಮನೆಯ ಮಗುವಿಗೇ. ಆದ್ದರಿಂದ ಗಡಿ ಹಾಕಿದರೆ ಸಾಲದು, ಗಡಿಯ ಆಚೆಗೆ ಬೇರೊಬ್ಬರು ಇರಬೇಕು. ಸಹಾಯಕರು, ಆಪ್ತಸಮಾಲೋಚಕರು, ಗೈರಾದಾಗ ಬರುವ ಬದಲಿ ಶಿಕ್ಷಕರು.

ಅವರನ್ನು ಎಲ್ಲಿಂದ ತರುವುದು ಎನ್ನುವಲ್ಲಿ ಮಾತು ಮತ್ತೆ ಯುನೆಸ್ಕೋ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. 2030ರೊಳಗೆ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಿಗೆ ಹೊಸದಾಗಿ ಬೇಕಾದ ಶಿಕ್ಷಕರು 4.4 ಕೋಟಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ, ಕೆಲಸ ಬಿಟ್ಟುಹೋಗುವವರ ಜಾಗ ತುಂಬುವುದಕ್ಕೇ ಬೇಕು. ಒಬ್ಬರನ್ನು ತರಬೇತಿ ಮಾಡಿ ತರಗತಿಯಲ್ಲಿ ನಿಲ್ಲಿಸಲು ಮೂರು ನಾಲ್ಕು ವರ್ಷ ಹಿಡಿಯುತ್ತದೆ. 2030ಕ್ಕೆ ಉಳಿದಿರುವುದೂ ಹೆಚ್ಚೂಕಡಿಮೆ ಅಷ್ಟೇ.